ಗುಂಯ್ ಎನ್ನದ ಆಂಪ್ಲಿಫೈಯರ್

ಹರಿಹರನ್ ಆರು ತಿಂಗಳು ಕೂತು ಕಟ್ಟಿದ ಆಂಪ್ಲಿಫೈಯರ್‌ನಲ್ಲಿ ಒಂದೇ ಒಂದು ದೋಷವಿತ್ತು. ಹಾಡು ಹಾಕಿದರೂ ಹಾಕದಿದ್ದರೂ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿತ್ತು.

ದೋಷ ಒಂದೇ ಎನ್ನುವುದು ಹರಿಹರನ ಅಭಿಪ್ರಾಯ. ಹೆಂಡತಿ ಸುಗನ್ಯಾಳದು ಬೇರೆ. ಊಟಿ ಪಕ್ಕದ ನಂಜನಾಡಿನ ಆ ಪುಟ್ಟ ಮನೆಯ ಮುಂದಿನ ಕೋಣೆಯಲ್ಲಿ ಆಲೂಗಡ್ಡೆ ಮೂಟೆಯಷ್ಟು ದಪ್ಪದ ಕಬ್ಬಿಣದ ಪೆಟ್ಟಿಗೆ, ಅದರ ಎರಡು ಪಕ್ಕಕ್ಕೂ ಬಾಚಣಿಗೆ ಹಲ್ಲಿನಂತೆ ಸಾಲಾಗಿ ನಿಂತ ಅಲ್ಯೂಮಿನಿಯಂ ಪಟ್ಟಿಗಳು, ಅತ್ತ ಒಂದು ಇತ್ತ ಒಂದು ಆಳೆತ್ತರದ ಸ್ಪೀಕರ್. ಬಂದವರು ಕೂರಬೇಕೆಂದರೆ ಮೊದಲು ಏನನ್ನಾದರೂ ಎತ್ತಿಡಬೇಕಿತ್ತು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ" ಎಂದಳು ಸುಗನ್ಯಾ, ಆ ಭಾನುವಾರ ಬೆಳಿಗ್ಗೆ ಕಾಫಿ ಕೊಡುತ್ತಾ. "ಹಾಗಂತ ಹೆಗ್ಗಣಾನ ತಂದು ನಡುಮನೇಲಿ ಯಾರೂ ಕೂರಿಸಲ್ಲ. ಇವತ್ತು ಸಂಜೆಯೊಳಗೆ ಹೊರಗಿನವ್ರು ಒಬ್ಬರಾದ್ರೂ 'ಚೆನ್ನಾಗಿದೆ, ಇರ್ಲಿ' ಅಂತ ಬಾಯಿಬಿಟ್ಟು ಹೇಳ್ಬೇಕು. ಇಲ್ದಿದ್ರೆ ಸೌದೆ ಕೊಟ್ಟಿಗೆಗೆ ಹಾಕಿಸ್ತೀನಿ."

"ಮೂರು ಗಂಟೆಗೆ ರಂಗನಾಥನ್ ಮಾಸ್ಟರ್ ಬರ್ತಾರೆ. ಅವ್ರು ಹೇಳಿದ್ರೆ ಆಯ್ತಲ್ಲ?"

"ಆಯ್ತು. ಅವ್ರ ಮಾತಿಗೆ ನಾನು ಎದುರಾಡಲ್ಲ."

ರಂಗನಾಥನ್ ಮಾಸ್ಟರ್ ಊಟಿಯಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿ ನಿವೃತ್ತರಾದವರು. ಮದುವೆಮನೆಯಲ್ಲಿ ನಾಗಸ್ವರದವನು ಒಂದು ಸ್ವರ ತಪ್ಪಿದನೆಂದು ಪಾಯಸ ಬರುವ ಮೊದಲೇ ಎಲೆ ಬಿಟ್ಟು ಎದ್ದವರು. ಅಂಥವರ ಬಾಯಿಂದ 'ಚೆನ್ನಾಗಿದೆ' ಬಂದರೆ ಅದಕ್ಕಿಂತ ದೊಡ್ಡ ಪದಕವಿಲ್ಲ. ದಿನವಿಡೀ ಸೊಸೈಟಿಯಲ್ಲಿ ಬೀಜದ ಗೆಡ್ಡೆ ತೂಗಿ ಚೀಟಿ ಬರೆಯುವ ಹರಿಹರನಿಗೆ, ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳಲು ಜಗತ್ತಿನಲ್ಲಿ ಇದ್ದದ್ದು ಈ ಪೆಟ್ಟಿಗೆಯೊಂದೇ. ಕೊಟ್ಟಿಗೆಯ ತೇವಕ್ಕೆ ಬಿದ್ದರೆ ಒಂದೇ ಮಳೆಗಾಲಕ್ಕೆ ಅದಕ್ಕೆ ಪಾಚಿ ಹಿಡಿಯುವುದು ಖಂಡಿತ.

ಒಂಬತ್ತಕ್ಕೇ ಸ್ವಿಚ್ ಹಾಕಿದ. ಈ ಜಾತಿಯ ಆಂಪ್ಲಿಫೈಯರ್ ಮದುವೆಗೆ ಬಂದ ನೆಂಟರ ಹಾಗೆ. ಕೆಲಸ ಮಾಡಿದರೂ ಮಾಡದಿದ್ದರೂ ತಿನ್ನುವುದು ಅಷ್ಟೇ. ತಿಂದ ಕರೆಂಟಿನಲ್ಲಿ ಮುಕ್ಕಾಲು ಪಾಲು ಶಾಖವಾಗಿ ಆ ಪಟ್ಟಿಗಳಿಂದ ಹೊರಗೆ ಹೋಗುತ್ತದೆ. ಚೆನ್ನಾಗಿ ಕಾದಮೇಲೆಯೇ ನಾದ ಬಿಚ್ಚಿಕೊಳ್ಳುವುದು ಎಂದು ಹರಿಹರನ್ ನಂಬಿದ್ದ.

ಹತ್ತು ಗಂಟೆಗೆ ಪಕ್ಕದ ಮನೆಯ ವಸಂತಾಮಣಿಯಕ್ಕ ಬಂದಳು. "ಹರಿ, ನೀರಿನ ಮೋಟರ್ ಆಫ್ ಮಾಡೋಕೆ ಮರ್ತಿದ್ದೀಯಾ? ಗೋಡೆಯಾಚೆ ಎಂಗ ಮನೆವರೆಗೂ ಗುಂಯ್ ಅಂತ ಕೇಳ್ತಿದೆ."

"ಮೋಟರ್ ಅಲ್ಲ ಅಕ್ಕ, ಇದು."

"ಓ, ಇದಾ" ಎಂದು ಅವಳು ಪಟ್ಟಿಗಳ ಮೇಲೆ ಕೈಯಿಟ್ಟಳು. ಇಟ್ಟ ಕೈಯನ್ನು ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟಳು. ಆಮೇಲೆ ಮನೆಗೆ ಹೋಗಿ, ಐದು ನಿಮಿಷದಲ್ಲಿ ದೊಡ್ಡದೊಂದು ಪಾತ್ರೆ ಹೊತ್ತು ತಂದಳು.

"ದೋಸೆ ಹಿಟ್ಟು. ಡಿಸೆಂಬರ್ ಚಳಿ ನೋಡು, ಎರಡು ದಿನ ಆಯ್ತು, ಉಬ್ಬೋದೇ ಇಲ್ಲ ಅಂತಿದೆ. ಸುಮ್ನೆ ಇದರ ಪಕ್ಕ ಒಂದು ಮೂಲೇಲಿ ಇರುತ್ತೆ. ನಿನ್ನ ಹಾಡಿಗೆ ಅಡ್ಡ ಬರಲ್ಲ."

ಹರಿಹರನ್ ಎಡಗಡೆಯ ಪಟ್ಟಿಗಳ ಪಕ್ಕ ಪಾತ್ರೆಗೆ ಜಾಗ ಮಾಡಿಕೊಟ್ಟ.

ಹನ್ನೊಂದಕ್ಕೆ ಸರವಣನ್ ಬಂದ. ಕ್ಯಾರೆಟ್ ಮೂಟೆ ಸಾಗಿಸುವ ಪಿಕಪ್ ಅವನದು. ಗಾಡಿ ಓಡಿಸುವುದೊಂದನ್ನು ಬಿಟ್ಟು ಉಳಿದೆಲ್ಲ ವಿದ್ಯೆಯಲ್ಲೂ ಪಂಡಿತ ಎಂದು ಹಟ್ಟಿಯವರು ಹೇಳುತ್ತಿದ್ದರು.

"ಅಣ್ಣಾ, ಇದು ಅರ್ತ್ ಪ್ರಾಬ್ಲಂ. ಒಂದು ರಾಡ್ ಕೊಡಿ."

ಹರಿಹರನ್ ರಾಡ್ ಕೊಟ್ಟ. ಸರವಣನ್ ಕಿಟಕಿಯಾಚೆ ಹೋಗಿ, ಸುಗನ್ಯಾಳ ಕ್ಯಾರೆಟ್ ಪಾತಿಯ ಸರೀ ಮಧ್ಯಕ್ಕೆ ಅದನ್ನು ಹೊಡೆದು, ತಂತಿ ಬಿಗಿದ. "ಈಗ ನೀರು ಬಿಡಬೇಕಣ್ಣಾ. ಮಣ್ಣು ಒದ್ದೆ ಇದ್ರೇನೇ ಅರ್ತ್." ನಾಲ್ಕು ಬಕೆಟ್ ಸುರಿದರು. ನಿಜಕ್ಕೂ ಗುಂಯ್ ಅರ್ಧಕ್ಕೆ ಇಳಿಯಿತು! ಹರಿಹರನ್ ಒಳಗಿನಿಂದ ಸಂತೋಷದಲ್ಲಿ ಕೂಗಿದ. ಆ ಕೂಗಿಗೆ ಬೆಚ್ಚಿ ಸರವಣನ್ ಕೆಸರಿನಲ್ಲಿ ಜಾರಿ ಬಿದ್ದು ಕುತ್ತಿಗೆವರೆಗೂ ನೆನೆದ.

ಸುಗನ್ಯಾ ಕಿಟಕಿಯಿಂದ ಪಾತಿಯನ್ನು ನೋಡಿದಳು. ಆಮೇಲೆ ತಲೆಯೆತ್ತಿ ಸೌದೆ ಕೊಟ್ಟಿಗೆಯನ್ನು ನೋಡಿದಳು. ಹರಿಹರನಿಗೆ ಹೆಚ್ಚು ಭಯವಾದದ್ದು ಅದಕ್ಕೇ.

"ಐದು ನಿಮಿಷ ಅಣ್ಣಾ" ಎಂದು ಸರವಣನ್ ತನ್ನ ಉಣ್ಣೆ ಕಾಲುಚೀಲ, ಮಫ್ಲರ್‌ಗಳನ್ನು ಹಿಂಡಿ ಬಲಗಡೆಯ ಪಟ್ಟಿಗಳ ಮೇಲೆ ಹರವಿದ. ಎಡಗಡೆ ಹಿಟ್ಟು, ಬಲಗಡೆ ಕಾಲುಚೀಲ. ನಡುವೆ ಆರು ತಿಂಗಳ ತಪಸ್ಸು.

ಮೂರು ಗಂಟೆಗೆ ಸರಿಯಾಗಿ ಮಾಸ್ಟರ್ ಕೋಲೂರಿಕೊಂಡು, ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ಬಂದರು. ಎರಡು ಸ್ಪೀಕರಿಗೂ ಸಮದೂರದ ಜಾಗ ಹುಡುಕಿ ಹರಿಹರನ್ ಅವರಿಗಾಗಿ ಕುರ್ಚಿ ಹಾಕಿದ್ದ. ಮಾಸ್ಟರ್ ಆ ಕುರ್ಚಿಯನ್ನು ಎಳೆದು ಪೆಟ್ಟಿಗೆಗೆ ತಾಗಿಸಿಕೊಂಡರು.

"ಅಲ್ಲಿ ಕೂತ್ರೆ ಚೆನ್ನಾಗಿ ಕೇಳುತ್ತೆ ಮಾಸ್ಟರ್."

"ಎನಗೆ ಇಲ್ಲೇ ಇರ್ಲಿ ತಂಬಿ."

ಹತ್ತಿರದಿಂದ ಪರೀಕ್ಷೆ ಮಾಡುತ್ತಾರೆಂದುಕೊಂಡು ಹರಿಹರನ್ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದ. ಕೊಳಲಿನ ಒಂದು ಆಲಾಪನೆ ಹಾಕಿದ. ಐದು ನಿಮಿಷಕ್ಕೆ ಮಾಸ್ಟರ್ ಶಾಲು ಸಡಿಲಿಸಿದರು. ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿದರು. ಆಮೇಲೆ ಅವರ ತಲೆ ಮೆಲ್ಲಗೆ ತೂಗತೊಡಗಿತು. ಬಾಗಿಲಲ್ಲಿ ನಿಂತಿದ್ದ ಸುಗನ್ಯಾಳಿಗೆ ಹರಿಹರನ್ 'ನೋಡು' ಎಂಬಂತೆ ಹುಬ್ಬು ಹಾರಿಸಿದ.

ಅಷ್ಟರಲ್ಲಿ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಠಣ್ಣನೆ ನೆಲಕ್ಕೆ ಬಿತ್ತು. ಹರಿಹರನ ಜೀವ ಬಾಯಿಗೆ ಬಂತು. ಮಾಸ್ಟರ್ ಕಣ್ಣು ತೆರೆಯಲಿಲ್ಲ. ಎಂಥ ತನ್ಮಯತೆ ಎಂದುಕೊಂಡ ಹರಿಹರನ್.

ಕೊಳಲು ಮುಗಿದಾಗ ಮಾಸ್ಟರ್ ಕಣ್ಣು ಬಿಟ್ಟರು. ಕಣ್ಣು ಒದ್ದೆಯಾಗಿತ್ತು.

"ಬಹಳ ಚೆನ್ನಾಗಿದೆ ತಂಬಿ. ಇಂಥ ಸುಖ ಕಂಡು ಎಷ್ಟು ವರ್ಷ ಆಯ್ತೋ! ಈ ಪೆಟ್ಟಿಗೇನ ಇಲ್ಲಿಂದ ಕದಲಿಸಬೇಡ."

"ಕೇಳಿಸ್ತಾ?" ಎಂದ ಹರಿಹರನ್ ಹೆಂಡತಿಯ ಕಡೆ ತಿರುಗಿ.

"ಕೇಳಿಸ್ತು. ಕೊಟ್ಟ ಮಾತು ಕೊಟ್ಟಿದ್ದೇ. ಇಲ್ಲೇ ಇರ್ಲಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊಗಳಿಕೆಯ ರುಚಿ ಒಂದು ತುತ್ತಿಗೆ ನಿಲ್ಲುವಂಥದ್ದಲ್ಲ. "ಮಾಸ್ಟರ್, ಕೊಳಲಿನ ಕೆಳಸ್ಥಾಯಿ ಹೇಗೆ ಬಂತು?" ಎಂದು ಕೇಳಿದ.

"ಕೊಳಲಾ?" ಮಾಸ್ಟರ್ ಬಲಗಾಲು ಚಾಚಿ ಮಡಚಿ ತೋರಿಸಿದರು. "ಈ ಮೊಣಕಾಲು ನೋಡು. ಅಕ್ಟೋಬರಿಂದ ಮಡಚೋಕೇ ಆಗ್ತಿರ್ಲಿಲ್ಲ. ನಿನ್ನ ಪೆಟ್ಟಿಗೆ ಶಾಖಕ್ಕೆ ಬೆಣ್ಣೆ ಥರ ಆಗಿದೆ. ನಾಳೆಯಿಂದ ದಿನಾ ಬರ್ತೀನಿ. ಒಂದೇ ಒಂದು, ತಪ್ಪು ತಿಳ್ಕೋಬೇಡ. ಆ ಎರಡು ಡಬ್ಬದಿಂದ ಏನೋ ಸದ್ದು ಬರ್ತಿತ್ತಲ್ಲ, ಅದಿಲ್ದಿದ್ರೆ ಇನ್ನೂ ಒಳ್ಳೆ ನಿದ್ದೆ ಬರೋದು."

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದಳು ಪಾತ್ರೆ ನೋಡಲು ಬಂದ ವಸಂತಾಮಣಿಯಕ್ಕ.

ಸುಗನ್ಯಾ ಸ್ಪೀಕರುಗಳನ್ನು ಮೇಲಿನಿಂದ ಕೆಳಗೆ ಅಳೆದು ನೋಡಿದಳು. "ಇವೆರಡು ಇಲ್ದಿದ್ರೂ ನಿಮ್ಮ ಪೆಟ್ಟಿಗೆ ಹೀಗೇ ಕಾಯುತ್ತಾ?"

ಹರಿಹರನ್ ಜೀವನದಲ್ಲಿ ಸಣ್ಣಪುಟ್ಟ ಸುಳ್ಳು ಹೇಳಿದ್ದುಂಟು. ಆದರೆ ಆಂಪ್ಲಿಫೈಯರ್ ವಿಷಯದಲ್ಲಿ ಅವನ ನಾಲಿಗೆಗೆ ಸುಳ್ಳು ಹೊರಳುತ್ತಿರಲಿಲ್ಲ.

"ಕಾಯುತ್ತೆ" ಎಂದ. "ಅಷ್ಟೇ ಕಾಯುತ್ತೆ."

ಐದು ಗಂಟೆಯ ಹೊತ್ತಿಗೆ ಒಣಗಿದ ಬೆಚ್ಚನೆ ಕಾಲುಚೀಲ ಹಾಕಿಕೊಂಡ ಸರವಣನ್ ಎರಡೂ ಸ್ಪೀಕರುಗಳನ್ನು ಹೊತ್ತು ಸೌದೆ ಕೊಟ್ಟಿಗೆಗೆ ಸೇರಿಸಿದ. ಮುಂದಿನ ಕೋಣೆಯಲ್ಲಿ ನಾಲ್ಕು ಜನ ಕೂರುವಷ್ಟು ಜಾಗವಾಯಿತು. ಮಾಸ್ಟರ್ ಎಡಗಾಲಿಗೂ ಶಾಖ ಕೊಡಲು ಕುರ್ಚಿ ತಿರುಗಿಸಿಕೊಂಡರು. ವಸಂತಾಮಣಿಯಕ್ಕ ಕೊಟ್ಟ ಹಿಟ್ಟಿನಲ್ಲಿ ಸುಗನ್ಯಾ ದೋಸೆ ಹುಯ್ದು, ಮೊದಲನೆಯದನ್ನು ಗಂಡನಿಗೇ ತಂದುಕೊಟ್ಟಳು. ಹತ್ತಿಯಷ್ಟು ಮೃದುವಾಗಿತ್ತು.

"ನಿಜ ಹೇಳ್ತೀನಿ, ನೀವು ಮಾಡಿದ್ದು ಚೆನ್ನಾಗಿದೆ" ಎಂದಳು.

ಹರಿಹರನ್ ದೋಸೆ ಮುರಿಯುತ್ತಾ, ಅಭ್ಯಾಸಬಲದಿಂದ ಕಿವಿಗೊಟ್ಟು ಕೇಳಿದ. ಗುಂಯ್ ಎನ್ನುವ ಸದ್ದು ಪೂರ್ತಿ ನಿಂತುಹೋಗಿತ್ತು.