ನಾಲ್ವರ ಚದುರಂಗ

ಇಬ್ಬರಾಡುವ ಚದುರಂಗವನ್ನು ನಾಲ್ವರು ಆಡುವಂತೆ ಮಾಡಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟೆ. ಎಲ್ಲರ ಕೈಲೂ ಆಗುವ ಕೆಲಸವೇ ಇದು? ನಾನಾದರೋ ದರ್ಜಿ! ಬಿಗಿಯಾದದ್ದನ್ನು ಸಡಿಲ ಮಾಡುವುದೇ ನನ್ನ ಕಸುಬು.

ಪಣದ ಹಿಂದೊಂದು ಸಂಕಟವಿತ್ತು. ಮದುವೆಯಾದಂದಿನಿಂದ, ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ, ನಾನೂ ನನ್ನಾಕೆಯೂ ಎದುರುಬದುರು ಕೂತು ಒಂದಾಟ ಆಡುತ್ತಿದ್ದೆವು. ಆಟಕ್ಕಿಂತ ಮಾತೇ ಹೆಚ್ಚು. ಅಷ್ಟರಲ್ಲಿ ಅತ್ತೆ, ನಾದಿನಿ, ಷಡ್ಡಕ ಮೂವರೂ ತಮ್ಮ ಮನೆಯ ಛಾವಣಿ ರಿಪೇರಿಯೆಂದು "ಎಂಟೇ ದಿನ" ಇರಲು ಬಂದರು. ನಾಲ್ಕು ತಿಂಗಳಾಯಿತು! ಈಗ ಚದುರಂಗ ಹಾಸಿದರೆ ನನ್ನೆದುರು ಷಡ್ಡಕ ಬಂದು ಕೂರುತ್ತಾನೆ. ಒಂದೇ ಸೂರಿನಡಿ ಇದ್ದೂ ನನ್ನಾಕೆಯ ಮಾತಿಗಾಗಿ ನನ್ನ ಜೀವ ಹಂಬಲಿಸುತ್ತಿತ್ತು. "ಉಪ್ಪು ಮುಗಿದಿದೆ" ಎನ್ನುವುದನ್ನು ಮಾತು ಅನ್ನಲಾದೀತೇ?

ಹಾಗಾಗಿ ಹಳೆಯ ಪರದೆಯೊಂದನ್ನು ಕತ್ತರಿಸಿ, ಚದುರಂಗದ ಬಟ್ಟೆಹಾಸಿನ ನಾಲ್ಕೂ ಬದಿಗೆ ಮೂರು ಮೂರು ಸಾಲು ಸೇರಿಸಿ ಹೊಲಿದೆ.

"ಹಳೇದಾ? ಹೋದ ವಾರ ಹಾಕಿದ್ದು ಭಾವಾ ಅದು!" ನಾದಿನಿ ಕಿರುಚಿದಳು.

ದಾರದ ರೀಲುಗಳು ಆನೆಗಳಾದವು. ಅಂಗಡಿಗೆ ಹೊಲಿಗೆಗೆ ಬಂದಿದ್ದ ಬ್ಯಾಂಡ್ ಮಾಸ್ಟರರ ಕೋಟಿನ ಹದಿನಾರು ಹಿತ್ತಾಳೆ ಗುಂಡಿಗಳು ಕಾಲಾಳುಗಳಾಗಿ ಸೇನೆಗೆ ಸೇರಿದವು. ಕೋಟು ಕೇಳಲು ಬಂದ ಮಾಸ್ಟರರನ್ನು "ಯುದ್ಧ ಮುಗೀಲಿ ಸಾರ್" ಎಂದು ಸಾಗಹಾಕಿದೆ.

ಗಂಡಹೆಂಡತಿ ಎದುರುಬದುರು, ಇಬ್ಬರದೂ ಒಂದೇ ಪಕ್ಷ. ಆದರೆ ಷಡ್ಡಕ ಕಳ್ಳಾಟದಲ್ಲಿ ಪಳಗಿದವನು. ಹೆಂಡತಿಗೆ ಕಣ್ಣಲ್ಲೇ ನಡೆ ಹೇಳಿಕೊಡುವ ಭೂಪ! ಅದಕ್ಕೇ ಕಟ್ಟುನಿಟ್ಟಾದ ಕಾನೂನು ಬರೆದೆ: ಒಂದೇ ಪಕ್ಷದವರು ಮಾತಾಡಕೂಡದು, ಮುಖ ನೋಡಕೂಡದು. ತಪ್ಪಿದರೆ ಸೋತಂತೆ, ಇಬ್ಬರೂ ಅರ್ಧ ಗಂಟೆ ಮನೆಯಿಂದ ಹೊರಗೆ! ನ್ಯಾಯಾಧೀಶರು ಅತ್ತೆ.

ಆಟ ಶುರುವಾಯಿತು. ಆಹಾ, ನನ್ನೆದುರು ನನ್ನಾಕೆ! ಸಂತೋಷ ತಡೆಯಲಾರದೆ ಬಾಯಿ ತೆರೆದೆ.

"ಅಳಿಯಂದ್ರೇ, ಕಾನೂನು!" ಅತ್ತೆ ಗುಡುಗಿದರು. "ಮೊದಲನೇ ಸಲ ಅಂತ ಬಿಟ್ಟಿದೀನಿ. ತಲೆ ತಗ್ಸಿ!"

ನಾನೇ ಬರೆದ ಕಾನೂನು ನನ್ನ ಕೊರಳಿಗೇ ಬಿತ್ತು. ಎರಡು ಗಂಟೆ ಕಾಲ ನಾನು ಕಂಡದ್ದು ಅವಳ ಬೆರಳುಗಳನ್ನಷ್ಟೇ. ಆದರೂ ಗೆಲ್ಲುತ್ತಿದ್ದೆವು! ಷಡ್ಡಕನ ರಾಜ ಮೂಲೆ ಸೇರಿದ್ದ, ಇನ್ನೊಂದೇ ನಡೆ. ಆಗ ನನ್ನಾಕೆ ನೆಟ್ಟಗೆ ನನ್ನ ಮುಖ ನೋಡಿ, "ರೀ, ಎಷ್ಟು ಸೊರಗಿಬಿಟ್ಟಿದೀರಿ" ಅಂದಳು.

"ಇಬ್ರೂ ಹೊರಗೆ!" ತೀರ್ಪು ಬಂತು.

ಮೆಟ್ಟಿಲ ಮೇಲೆ ಕೂತ ನನಗೆ ಮೈಯೆಲ್ಲ ಉರಿ. "ಗೆದ್ದೇಬಿಟ್ಟಿದ್ವಲ್ಲೇ! ಒಂದು ನಿಮಿಷ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?"

ಅವಳು ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು, ನನ್ನ ಪಕ್ಕ ಬಂದು ಕೂತಳು.

"ನಾವಿಬ್ರೇ ಹೀಗೆ ಕೂತು ಮಾತಾಡೋಕೇ ಆ ಕಾನೂನು ಮಾಡಿದೀರಿ ಅಂದ್ಕೊಂಡಿದ್ದೆ. ಈಗ ಮಾತಾಡ್ತೀರಿ, ಈಗ ಮಾತಾಡ್ತೀರಿ ಅಂತ ಎರಡು ಗಂಟೆ ಕಾದೆ... ಅಷ್ಟು ಬುದ್ಧಿ ನಿಮಗೆಲ್ಲಿಂದ ಬರ್ಬೇಕು!"