ಮೊದಲು ನಿಮ್ಮ ತಲಿ ತೋರಿಸ್ಕೊಂಡು ಬರ್ರಿ, ಮೇಡಂ

ಕೊಪ್ಪಳ ಜಿಲ್ಲೆಯಲ್ಲಿ ವಿಶೇಷ ಶಿಕ್ಷಕಿಯಾಗಿ ಊರೂರು ತಿರುಗಿ ಇಪ್ಪತ್ತು ವರ್ಷವಾಗುತ್ತ ಬಂತು. ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳನ್ನು ಗುರುತಿಸಿ, ಅವರಿಗೆ ಹೊಂದುವ ಹಾಗೆ ಕಲಿಸುವುದು ನನ್ನ ಕೆಲಸ. "ನಿಮ್ಮ ಮಗುವಿನ ಮೆದುಳು ಸ್ವಲ್ಪ ಬ್ಯಾರೆ ಥರ ಕೆಲಸ ಮಾಡ್ತೈತಿ" ಅಂತ ನಾನು ಅನ್ನುವುದೇ ತಡ, ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಅನುಮಾನ ಮೊದಲು ಬರುವುದು ನನ್ನ ಮೆದುಳಿನ ಮೇಲೆಯೇ. "ಮೊದಲು ನಿಮ್ಮ ತಲಿ ತೋರಿಸ್ಕೊಂಡು ಬರ್ರಿ, ಮೇಡಂ" ಅಂತ ಬಾಯಿಬಿಟ್ಟು ಹೇಳಿದವರೂ ಇದ್ದಾರೆ.

ಎರಡು ಫಾರಂ

ಕುಷ್ಟಗಿ ಕಡೆ ಒಂದು ದಾಳಿಂಬೆ ತೋಟದ ಮನೆ. ಮೊಮ್ಮಗಳ ಬಗ್ಗೆ ಕೇಳಿ ಫಾರಂ ತುಂಬಲು ಹೋದರೆ ಅಜ್ಜ ಬಾಗಿಲಿಗೆ ಅಡ್ಡ ಕೂತ.

"ರೇಷನ್ ಕಾರ್ಡು ರದ್ದು ಮಾಡಾಕ ಬಂದೀರೇನು?"

"ಇಲ್ರಿ ಯಜ್ಜಾ. ಹುಡುಗಿ ಮಾತಾಡುವಾಗ ಮುಖ ನೋಡ್ತಾಳೇನ್ರಿ?"

"ನಾನೂ ನೋಡಂಗಿಲ್ಲ. ಅದಕ್ಕೇನೀಗ?"

"ಗದ್ದಲ ಆದ್ರ ಕಿವಿ ಮುಚ್ಕೊಂತಾಳೇನ್ರಿ?"

"ನಾನೂ ಮದಿವಿ ಮನಿ ಕಡೆ ಹೋಗಂಗಿಲ್ಲ."

"ದಿನಾ ಒಂದ ತಾಟಿನ್ಯಾಗ ಉಣಬೇಕಂತ ಹಟ ಮಾಡ್ತಾಳೇನ್ರಿ?"

ಅಜ್ಜ ಬಾಯಿ ತೆರೆಯುವ ಮೊದಲೇ ಒಳಗಿಂದ ಅಜ್ಜಿಯ ದನಿ ಬಂತು: "ಇವರ ತಾಟು ನಮ್ಮ ಮದಿವಿಯಾಗ ಬಂದದ್ದರಿ ಮೇಡಮ್ಮಾರ. ಇನ್ನೂ ಬಿಟ್ಟಿಲ್ಲ!"

ಅಜ್ಜ ನನ್ನ ಹತ್ತಿರ ಬಾಗಿ ಪಿಸುಗುಟ್ಟಿದ: "ಎರಡು ಫಾರಂ ತುಂಬ್ರಿ. ನಂದು ನಮ್ಮ ಮುದುಕಿಗೆ ತೋರಿಸಬ್ಯಾಡ್ರಿ."

ಲಕ್ಷ್ಯ

ಯಲಬುರ್ಗಾದ ಒಬ್ಬ ಹೆಡ್‌ಮಾಸ್ತರರ ಪ್ರಕಾರ ಎಡಿಎಚ್‌ಡಿ ಅನ್ನುವುದು ಅಭ್ಯಾಸ ತಪ್ಪಿಸುವ ಹೊಸ ನೆಪ. ನಾನು ಗುರುತಿಸಿದ ಒಬ್ಬ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ನನಗೆ ಪಾಠ ಶುರು ಮಾಡಿದರು.

"ಲಕ್ಷ್ಯ ನಿಲ್ಲಂಗಿಲ್ಲ ಅನ್ನೋದು ಸುಳ್ಳು ಮೇಡಂ. ಮನಸ್ಸು ಮಾಡಿದ್ರ—"

ಫೋನ್ ಬಂತು. ಮಾತಾಡಿ ಇಟ್ಟರು. ಕಿಟಕಿಯಲ್ಲಿ ಇಣುಕಿ, "ಏ, ಆ ಎಮ್ಮಿ ಹೊರಗ ಹಾಕ್ರೋ!" ಅಂತ ಕೂಗಿದರು. ಚಹಾ ಯಾಕೆ ಬರಲಿಲ್ಲ ಅಂತ ಎದ್ದು ಹೋಗಿ ಬಂದರು. ಕೂತು, "ಎಲ್ಲಿಗೆ ಬಂದಿದ್ವಿ?" ಅಂದರು.

ಹುಡುಗಿ ಕಾಲು ಕುಣಿಸುತ್ತಲೇ ಹೇಳಿದಳು: "ಲಕ್ಷ್ಯ ನಿಲ್ಲಂಗಿಲ್ಲ ಅನ್ನೋದು ಸುಳ್ಳು ಅನ್ನೂ ತನಕ ಬಂದಿದ್ರಿ ಸರ್."

ಮೆದುಳಿನ ಫೋಟೋ

ನಾನು ಗೋಲಿ ಆಡಿಸಿ ಆಟಿಸಂ ಗುರುತಿಸಿದ್ದ ಕೊಪ್ಪಳದ ಒಬ್ಬ ಹುಡುಗನಿಗೆ ಫಿಟ್ಸೂ ಬರುತ್ತಿತ್ತು. ಫಿಟ್ಸಿನ ಸಲುವಾಗಿ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ, ನನ್ನ ಎದುರಿಗೇ "ನಾರ್ಮಲ್ ಐತಿ" ಅಂದರು.

ಅಪ್ಪ ನಂಬಲಿಲ್ಲ. "ಬ್ಯಾರೆಯವರ ಫೋಟೋ ಇರಬೇಕು, ನೋಡ್ರಿ ಸಾಹೇಬ್ರ."

"ಇಲ್ಲಪಾ, ಆಟಿಸಂ ಹಿಂಗ ಫೋಟೋದಾಗ ಕಾಣಂಗಿಲ್ಲ. ಆಟ, ಮಾತು, ನಡತೆ ನೋಡಿ ತಿಳ್ಕೋಬೇಕು."

"ಅಂದ್ರ ಖೋಲಿ ತುಂಬ ಇರೋ ಮಷೀನಿಗೆ ಕಾಣಲಾರದ್ದು, ಈ ಮೇಡಮ್ಮಗ ನಾಕು ಗೋಲಿ ಆಡಿಸಿದ್ರ ಕಾಣ್ತೈತಿ?"

"ಹೌದು" ಅಂದರು ಡಾಕ್ಟರು.

ಅಪ್ಪ ನನ್ನ ಚೀಲವನ್ನೇ ದಿಟ್ಟಿಸಿ ಕೇಳಿದ: "ಗೋಲಿ ಯಾವ ಕಂಪನೀವ್ರಿ?"

ಎರಡು ಬಿಸ್ಕೀಟು

ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಗಾಳಿಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿದ್ದ ದಿನಗಳು. ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ತಾಯಿ, ಆಟಿಸಂ ಇರುವ ತನ್ನ ಹತ್ತು ವರ್ಷದ ಮಗನನ್ನು ನನ್ನ ಹತ್ತಿರ ಬಿಟ್ಟು ಹುಲಿಗಿ ಬಸ್ಸು ವಿಚಾರಿಸಲು ಹೋದಳು. ಅಷ್ಟರಲ್ಲಿ ಪಕ್ಕದ ಬಸ್ಸು ಹಾರ್ನ್ ಹೊಡೆಯಿತು. ಹುಡುಗ ಚೀರುತ್ತ ಓಡಲು ನೋಡಿದ. ನಾನು ಗಟ್ಟಿಯಾಗಿ ಕೈ ಹಿಡಿದುಕೊಂಡೆ. ಜನ ಕೂಡಿದರು.

"ತಮ್ಮಾ, ಈಕಿ ನಿಮ್ಮವ್ವ ಏನು?"

ಹುಡುಗ ಕೇಳಿದಷ್ಟಕ್ಕೆ, ಇದ್ದದ್ದನ್ನೇ ಹೇಳುವವನು. "ಅಲ್ಲ."

"ಚಿಗವ್ವ?"

"ಅಲ್ಲ."

"ತಿನ್ನಾಕ ಏನರ ಕೊಟ್ಟಾಳ?"

"ಎರಡು ಬಿಸ್ಕೀಟು."

ಗುಂಪು ಹತ್ತಿರ ಸರಿಯಿತು. ಒಬ್ಬ ನನ್ನ ಚೀಲ ಕಸಿದ. ಕೈ ಬಿಟ್ಟರೆ ಹುಡುಗ ಬಸ್ಸಿಗೆ ಸಿಗುತ್ತಾನೆ, ಬಿಡದಿದ್ದರೆ ನಾನು ಇವರಿಗೆ ಸಿಗುತ್ತೇನೆ. ಬಿಡಲಿಲ್ಲ.

ಪುಣ್ಯಕ್ಕೆ ಪೊಲೀಸಪ್ಪ ಒಬ್ಬ ನುಗ್ಗಿ ಬಂದ. ಕೊರಳಲ್ಲಿದ್ದ ಗುರುತಿನ ಕಾರ್ಡು ತೋರಿಸಿದೆ. "ಇಂಥವು ಯಾರ ಬೇಕಾದ್ರೂ ಮಾಡಿಸ್ತಾರ!" ಅಂತ ಹಿಂದಿನಿಂದ ಯಾರೋ ಕೂಗಿದರು. ಪೊಲೀಸಪ್ಪ ಕಾರ್ಡನ್ನು ಹುಡುಗನ ಮುಂದೆ ಹಿಡಿದ.

"ಇದು ಖರೇ ಐತೇನೋ?"

ಹಾರ್ನ್ ನಿಂತಿತ್ತು. ಹುಡುಗ ಕಣ್ಣೊರೆಸಿಕೊಂಡು ಕಾರ್ಡು ನೋಡಿದ, ನನ್ನ ನೋಡಿದ, ಮತ್ತೆ ಕಾರ್ಡು ನೋಡಿದ.

"ಹೆಸರು ಖರೇ. ಟೀಚರ್ ಅನ್ನೋದು ಖರೇ. ಫೋಟೋ ಸುಳ್ಳು. ಇದರಾಗ ತೆಳ್ಳಗ ಅದಾರ."

ಗುಂಪು ಗೊಳ್ಳೆಂದಿತು. ಚೀಲ ಮರಳಿ ಬಂತು. ಅಷ್ಟರಲ್ಲಿ ತಾಯಿ ಓಡಿಬಂದು ಮಗನನ್ನು ತಬ್ಬಿಕೊಂಡಳು. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ನನ್ನ ಮಗಗ ಸುಳ್ಳು ಹೇಳಾಕ ಬರಂಗಿಲ್ಲ."

ಪೊಲೀಸಪ್ಪ ಕಾರ್ಡನ್ನು ನನ್ನ ಕೈಗಿಟ್ಟು, ಭಾಳ ಮರ್ಯಾದೆಯಿಂದ ಅಂದ: "ಹಂಗಾದ್ರ ಮೇಡಮ್ಮಾರ, ಫೋಟೋ ಬದಲಿ ಮಾಡಸ್ರಿ."