ಕದರಯ್ಯನ ಮನೆಯ ಅನಾನಸ್ ಹಲ್ವಾ

ಕ್ಯಾತ್ಸಂದ್ರದಲ್ಲಿ ಮನೆ ಬಾಡಿಗೆಗೆ ಹಿಡಿಯುವಾಗ ಗುಮಾಸ್ತ ಕದರಯ್ಯ ಒಂದೇ ಒಂದು ಷರತ್ತಿಗೆ ತಲೆಯಾಡಿಸಿದ್ದ. ವಠಾರದ ಮಾಲೀಕ ಪರಮಶಿವಯ್ಯನವರ ಆ ಷರತ್ತು ಬಹಳ ಸರಳ: ಮನೆಯೊಳಗೆ ಮಾಂಸ ಬರಬಾರದು, ಬಾಡು ಬೇಯಬಾರದು. ಇದರಿಂದ ಅವನಿಗೇನೂ ತೊಂದರೆಯಾಗಿರಲಿಲ್ಲ. ಮಾಮೂಲಿ ದಿನಗಳಿಗೆ ತುಮಕೂರಿನ ಮಿಲಿಟರಿ ಹೋಟೆಲಿತ್ತು. ಯುಗಾದಿಯ ಮಾರನೆಯ ದಿನ, ಊರಿಗೂರೇ ಬಾಡೂಟ ಮಾಡುವ ಹೊಸತೊಡಕಿಗೆ, ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿ ಮಾವ ಓಬಳಯ್ಯನ ಮನೆಯಿತ್ತು.

ಎಂಬತ್ತೆರಡರ ಯುಗಾದಿಗೆ ಮುಂಚೆ ಮಾವನಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. "ವರ್ಷ ವರ್ಷ ನೀವೇ ಬತ್ತೀರಿ. ಈ ಸಲ ಹೊಸ್ತೊಡಕಿಗೆ ನಾವೇ ಬತ್ತೀವಿ ಬುಡಿ, ಅಳಿಯಂದ್ರೇ" ಎಂದು ಹೇಳಿಕಳಿಸಿದ.

"ಆವತ್ತು ಬೇಳೆಸಾರು ಬಡಿಸಿದ್ರೆ ನಮ್ಮಪ್ಪ ಎಲೆ ಬಿಟ್ಟು ಎದ್ದೋಗ್ತಾರೆ" ಎಂದಳು ಹೆಂಡತಿ ಹೊಂಬಾಳಮ್ಮ. "ಬಾಡು ಬೇಯ್ಸಿದ್ರೆ ವಠಾರದ ಯಜಮಾನ್ರು ನಮ್ಮನ್ನ ಮನೆಯಿಂದ ಎಬ್ಬಿಸ್ತಾರೆ. ಯಾವ್ದು ವಾಸಿ ಅಂತ ನೀವೇ ಹೇಳಿ."

ಕದರಯ್ಯ ಈ ಪ್ರಶ್ನೆಯನ್ನು ಕಚೇರಿಗೆ ಹೊತ್ತುಕೊಂಡು ಹೋದ. ಟೈಪಿಸ್ಟ್ ಮರಿಯಮ್ಮ ಕೈಯಲ್ಲಿದ್ದ ಹಾಳೆ ಮುಗಿಸಿ ಪರಿಹಾರ ಹೇಳಿದಳು.

"ಕ್ರಿಸ್ಮಸ್‌ಗೆ ನಮ್ಮನೇಲಿ ಹ್ಯಾಮ್ ಮಾಡ್ತೀವಲ್ಲ, ಅದನ್ನ ಮಾಡಿ. ಉಪ್ಪಲ್ಲಿ ನೆನೆಸಿದ ಹಂದಿ ತೊಡೆ. ಬೇಯ್ಸಿ, ಮೈತುಂಬ ಲವಂಗ ಚುಚ್ಚಿ, ಬೆಲ್ಲದ ಪಾಕಾನೂ ಅನಾನಸ್ ರಸಾನೂ ಸವರಿ ಬೇಕರಿ ಭಟ್ಟೀಲಿ ಇಡೋದು. ಬಾಡಿನ ವಾಸ್ನೆ ಒಂಚೂರೂ ಬರಲ್ಲ. ಮಿಠಾಯಿ ಅಂಗಡಿ ವಾಸ್ನೆ ಬರುತ್ತೆ. ನೆನೆಸಿ ಬೇಯ್ಸೋದು ನಂಗಿರ್ಲಿ, ಉಳಿದದ್ದು ನಿಮ್ದು."

ಮಿಠಾಯಿ ಅಂಗಡಿಯ ವಾಸನೆ ಎಂಬ ಮಾತು ಕದರಯ್ಯನಿಗೆ ದೇವರ ಬಾಯಿಂದ ಬಂದಂತೆ ಕೇಳಿಸಿತು.

ಹೊಸತೊಡಕಿನ ಬೆಳಿಗ್ಗೆ ಅವನು ಮರಿಯಮ್ಮನ ಮನೆಯಿಂದ ಬೆಂದ ತೊಡೆಯನ್ನು ತಂದು, ತುಮಕೂರಿನ ಚಿಕ್ಕಮಾರಯ್ಯನ ಬೇಕರಿಯ ಹಿಂಬಾಗಿಲಲ್ಲಿ ಇಳಿಸಿದ. ಬ್ರೆಡ್ಡು ತೆಗೆದಾದ ಮೇಲೂ ಭಟ್ಟಿ ಕೆಂಡದಂತೆ ಕಾದಿತ್ತು. ಚಿಕ್ಕಮಾರಯ್ಯ ತನಗೂ ಒಂದು ತುಂಡು ಎಂಬ ಒಪ್ಪಂದದ ಮೇಲೆ ಜಾಗ ಕೊಟ್ಟ. ಕದರಯ್ಯ ಬನ್ನಿಗೆ ಹಾಲು ಸವರುವ ಬ್ರಷ್ಷಿನಲ್ಲಿ ಪಾಕ ಸವರಿದ, ಮತ್ತೆ ಸವರಿದ. ತೊಡೆ ನಿಧಾನವಾಗಿ ಕೆಂಪಗಾಗಿ, ಹೊಸದಾಗಿ ಪಾಲಿಷ್ ಹಾಕಿದ ಬೀರುವಿನಂತೆ ಹೊಳೆಯತೊಡಗಿತು.

ಮರಿಯಮ್ಮ ಹೇಳಿದ್ದು ಅಕ್ಷರಶಃ ನಿಜವಾಯಿತು. ವಾಸನೆ ಭಟ್ಟಿಯಿಂದ ಅಂಗಡಿಗೆ, ಅಂಗಡಿಯಿಂದ ರಸ್ತೆಗೆ ಇಳಿಯಿತು. ಹೋಗುತ್ತಿದ್ದವರು ನಿಂತರು. ನಿಂತವರಲ್ಲಿ ರಸ್ಕು ಕೊಳ್ಳಲು ಬಂದಿದ್ದ ಗಿರಿಯಮ್ಮನೂ ಇದ್ದಳು. ಗಿರಿಯಮ್ಮ ಕದರಯ್ಯನ ಪಕ್ಕದ ಮನೆಯವಳು. ಅವಳಿಗೊಂದು ವಿಷಯ ಗೊತ್ತಾದರೆ ವಠಾರಕ್ಕೆ ಬೇರೆ ರೇಡಿಯೋ ಬೇಕಿರಲಿಲ್ಲ.

"ಏನಪ್ಪಾ ಅದು ಒಳಗೆ?" ಎಂದಳು.

"ಕದರಯ್ಯನೋರ ಆರ್ಡ್ರು. ಅನಾನಸ್ ಹಲ್ವಾ" ಎಂದ ಚಿಕ್ಕಮಾರಯ್ಯ, ಹೇಳಿಕೊಟ್ಟಿದ್ದಂತೆಯೇ.

ಕದರಯ್ಯ ಹ್ಯಾಮ್ ತುಂಬಿದ ದೊಡ್ಡ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕ್ಯಾತ್ಸಂದ್ರಕ್ಕೆ ಬಂದಿಳಿಯುವಷ್ಟರಲ್ಲಿ ಗಿರಿಯಮ್ಮ ಮೊದಲೇ ಬಂದು ಸುದ್ದಿ ಹಂಚಿ ಮುಗಿಸಿದ್ದಳು. ವಠಾರದ ಹೆಂಗಸರೆಲ್ಲ ಹೊಸಿಲ ಮೇಲಿದ್ದರು. ನಡುವೆ ಪರಮಶಿವಯ್ಯನವರು ವಿಭೂತಿ ಹಚ್ಚಿ, ಹೆಗಲಿಗೆ ಟವಲು ಹಾಕಿ, ಕಣ್ಣುಮುಚ್ಚಿ ನಿಂತು ಗಾಳಿಯನ್ನು ಮೂಸುತ್ತಿದ್ದರು. ಸಿಹಿ ಎಂದರೆ ಅವರಿಗೆ ಪ್ರಾಣ. ಹಿಂದಿನ ದಿನವಷ್ಟೇ ಅವರ ಹೆಂಡತಿ ಗಂಗಾಂಬಿಕೆ ಕದರಯ್ಯನ ಮನೆಗೆ ಒಂದು ತಟ್ಟೆ ತುಂಬ ಹೋಳಿಗೆ, ಮೇಲೆ ತುಪ್ಪ ಸುರಿದು ಕಳಿಸಿದ್ದರು.

"ಏನ್ ಕದರಯ್ಯ, ಹಲ್ವಾನಂತೆ. ಘಮ ಅಂತಿದೆ" ಎಂದರು ಪರಮಶಿವಯ್ಯ.

"ಹೌದು ಯಜಮಾನ್ರೇ. ಅಂದ್ರೆ, ತಿನ್ನೋ ಹಲ್ವಾ ಅಲ್ಲ. ಔಷಧಿ ಹಾಕಿದೆ. ನಮ್ಮ ಮಾವನಿಗೆ ಮಂಡಿನೋವು."

"ನಂಗೂ ಮಂಡಿ ಹಿಡ್ಕೊಂಡಿದೆ. ಒಂದು ಚೂರು ಕೊಡಿ, ನೋಡೋಣ."

ಕದರಯ್ಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡ. "ಮಂಡಿನೋವು ಅಂದ್ನಾ? ಬಾಯಿ ತಪ್ತು. ಬಾಣಂತಿ ಔಷಧಿ ಇದು."

"ಓಬಳಯ್ಯನೋರಿಗಾ?" ಎಂದಳು ಗಿರಿಯಮ್ಮ. ಓಬಳಯ್ಯ ಆಗಲೇ ಬಂದು ಜಗುಲಿಯ ಮೇಲೆ ಮೀಸೆ ತಿರುವುತ್ತ ಕೂತಿದ್ದ.

"ಅಲ್ಲ, ಮನೆದೇವ್ರ ಹರಕೆ. ನೆಂಟ್ರು ಬಿಟ್ಟು ಬೇರೆಯವ್ರು ಮುಟ್ಟಂಗಿಲ್ಲ" ಎಂದು ಕದರಯ್ಯ ಮಾವನ ರಟ್ಟೆ ಹಿಡಿದು ಒಳಕ್ಕೆ ನುಗ್ಗಿ ಬಾಗಿಲು ಹಾಕಿಕೊಂಡ. ಚಿಲಕದ ಸದ್ದು ವಠಾರಕ್ಕೆಲ್ಲ ಕೇಳಿಸಿತು.

ಕಿಟಕಿಗಳನ್ನೂ ಮುಚ್ಚಿದ್ದರಿಂದ ಒಳಗಿನ ಸೆಕೆ ಬೇಕರಿಯ ಭಟ್ಟಿಯಂತೆಯೇ ಇತ್ತು. ಹೊಂಬಾಳಮ್ಮ ಈಳಿಗೆಮಣೆಯಲ್ಲಿ ತೊಡೆಯನ್ನು ತೆಳ್ಳಗೆ ಕೊಯ್ದು ಬಡಿಸಿದಳು. ಓಬಳಯ್ಯ ಎಲ್ಲಾ ತಿಂದ. ಲವಂಗಗಳನ್ನು ಎಲೆಯ ಅಂಚಿನಲ್ಲಿ ಸಾಲಾಗಿ ಇಟ್ಟ. ಮತ್ತೊಮ್ಮೆ ಬಡಿಸಿಕೊಂಡ. ಆಮೇಲೆ ಬೆರಳು ನೆಕ್ಕಿ, "ಸೀ ಚೆನ್ನಾಗದೆ. ಬಾಡು ಬರ್ಲಿ" ಎಂದ.

"ಇದೇ ಬಾಡು, ಮಾವ" ಎಂದ ಕದರಯ್ಯ ಪಿಸುದನಿಯಲ್ಲಿ.

"ಬೆಲ್ಲ ಹಾಕಿರೋದು ಬಾಡು ಹೆಂಗಾಯ್ತದೆ ಅಳಿಯಂದ್ರೇ? ಕಾರ ಇಲ್ಲ, ಸಾರಿಲ್ಲ, ಮುದ್ದೆ ಅದ್ದಕ್ಕೆ ಏನಿಲ್ಲ."

"ಮೆಲ್ಲಗೆ ಮಾತಾಡಿ."

"ಯಾಕ್ ಮೆಲ್ಲಗೆ ಮಾತಾಡ್ಲಿ? ಹೊಸ್ತೊಡಕಿನ ದಿನ ಮಗಳ ಮನೇಲಿ ಮಿಠಾಯಿ ತಿಂದ್ಕಂಡು ಬಂದೆ ಅಂದ್ರೆ ಕೊತ್ತಗೆರೇಲಿ ನಗಲ್ವಾ?" ಓಬಳಯ್ಯ ಕೈ ತೊಳೆದು, ಟವಲು ಕೊಡವಿ, ಮೂರು ಗಂಟೆಯ ಕುಣಿಗಲ್ ಬಸ್ಸು ಹಿಡಿಯಲು ಹೊರಟೇಬಿಟ್ಟ.

ಸಂಜೆಗೆ ಪರಮಶಿವಯ್ಯನವರಿಂದ ಕರೆ ಬಂತು. ಕದರಯ್ಯ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ಹೋಗಿ ನಿಂತ.

"ನಿಮ್ಮ ಹಣೇಬರಹ ಎಲ್ಲಾ ಗೊತ್ತಾಯ್ತು, ಕದರಯ್ಯ" ಎಂದರು ಅವರು. ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು.

"ತಪ್ಪಾಯ್ತು ಯಜಮಾನ್ರೇ."

"ಒಪ್ಕೊಂಡ್ರಲ್ಲ, ಸಂತೋಷ. ಹೋಳಿಗೆ ತಿಂದ ಮನೆಗೆ ಒಂದ್ ತುಂಡು ಹಲ್ವಾ ಕೊಡಕ್ಕೆ ಮನಸ್ಸು ಬರ್ಲಿಲ್ಲ ನಿಮಗೆ. ಬಾಗಿಲು, ಕಿಟಕಿ ಎಲ್ಲಾ ಹಾಕ್ಕೊಂಡು ತಿಂದ್ರಿ. ನನ್ನ ವಠಾರದಲ್ಲಿ ಇಂಥಾ ಜಿಪುಣತನ ನಾನು ನೋಡಿರ್ಲಿಲ್ಲ. ತಿಂಗಳ ಕೊನೇಗೆ ಮನೆ ಖಾಲಿ ಮಾಡಿ. ಗುಬ್ಬಿಯಿಂದ ಪೊಲೀಸ್ನೋರೊಬ್ರು ಕೇಳ್ತಿದ್ರು. ಬಾಡು ತಿಂತಾರೆ ಅಂತ ಇಷ್ಟು ದಿನ ಬೇಡ ಅಂದಿದ್ದೆ. ಹಿತ್ತಲಲ್ಲಿ ಒಲೆ ಹಾಕ್ಕೊಳ್ಳಿ, ಪರವಾಗಿಲ್ಲ ಅಂತ ಈಗ ಹೇಳಿ ಕಳಿಸ್ದೆ. ಏನಾದ್ರೂ ತಿನ್ಲಿ, ಮನುಷ್ಯನಿಗೆ ಹಂಚ್ಕೊಂಡು ತಿನ್ನೋ ಗುಣ ಇದ್ರೆ ಸಾಕು."

ಕದರಯ್ಯ ನಿಂತಲ್ಲೇ ಯೋಚಿಸಿದ. ಬಾಡು ತಿನ್ನುವವರಿಗೇ ಬಾಗಿಲು ತೆರೆದಿದೆಯೆಂದರೆ ಇನ್ನು ಮುಚ್ಚಿಡುವುದೇನಿದೆ ಎನ್ನಿಸಿತು. ಬೆಳಗಿನಿಂದ ಮೊದಲ ಬಾರಿಗೆ ಅವನ ಎದೆ ಹಗುರವಾಯಿತು.

"ಯಜಮಾನ್ರೇ, ನಿಜ ಹೇಳ್ಬಿಡ್ತೀನಿ. ಅದು ಹಲ್ವಾ ಅಲ್ಲ. ಹಂದಿ ಬಾಡು. ನಿಮಗೆ ಹೆಂಗೆ ಕೊಡಕ್ಕಾಗ್ತಿತ್ತು, ನೀವೇ ಹೇಳಿ."

ಪರಮಶಿವಯ್ಯನವರು ಒಳಗಿದ್ದ ಹೆಂಡತಿಯ ಕಡೆ ತಿರುಗಿದರು.

"ಕೇಳಿದ್ಯೇನೇ, ಗಂಗಾಂಬಿಕೆ? ಬೆಳಿಗ್ಗೆ ಮಂಡಿನೋವು ಅಂದ, ಬಾಣಂತಿ ಅಂದ, ಮನೆದೇವ್ರು ಅಂದ. ಈಗ ಹಂದಿ ಅಂತಾನೆ. ಲವಂಗದ ಘಮ, ಬೆಲ್ಲದ ಘಮ ನನ್ನ ಮೂಗಿಗೆ ಗೊತ್ತಾಗಲ್ವಾ? ಉಳಿದಿರೋ ನಾಕ್ ತುಂಡು ಎಲ್ಲಿ ಕೊಡಬೇಕಾಗುತ್ತೋ ಅಂತ ಎಂಥಾ ಮಾತಾಡ್ದ ನೋಡು."

ಅವರು ಕದರಯ್ಯನ ಕಡೆ ತಿರುಗಿ, "ತಿಂಗಳ ಕೊನೆ ಬೇಡ. ಭಾನುವಾರವೇ ಖಾಲಿ ಮಾಡಿ" ಎಂದರು.